ಟಗರಿಗೊಂದು ಲೆಕ್ಕ, ಕುರಿಗೊಂದು ಲೆಕ್ಕ?

ಕಳೆದ ಸಲ ಜಂತು ಹುಳುವಿನ ಬಗ್ಗೆ ಬರೆಯುವಾಗ ಒಂದು ಸಾಲು ಹಾಗೇ ಬಿಟ್ಟುಬಿಟ್ಟಿದ್ದೆ. "ಗಂಡು ಹೆಣ್ಣಿನ ಮೈಯಲ್ಲಿ ಔಷಧಿ ಯಾವಾಗಲೂ ಒಂದೇ ಥರ ಕೆಲಸ ಮಾಡುವುದಿಲ್ಲ, ಅದನ್ನು ಇನ್ನೊಮ್ಮೆ ನೋಡೋಣ" ಅಂತ. ಉಳಿದ ಎರಡು ಪುಟ ಯಾರಿಗೂ ಬೇಕಾದಂತಿಲ್ಲ, ಎಲ್ಲರೂ ಹಿಡಿದದ್ದು ಆ ಒಂದು ಸಾಲನ್ನೇ. ಬಂದ ಪ್ರಶ್ನೆಗಳಲ್ಲಿ ಏಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ನಮ್ಮ ಹಿಂಡಿನಲ್ಲಿ 40 ಕುರಿ, 2 ಟಗರು ಇವೆ. ಎಲ್ಲಕ್ಕೂ ಒಂದೇ ದಿನ ಒಂದೇ ಬಾಟಲಿಯಿಂದ ಜಂತಿನ ಔಷಧಿ ಕುಡಿಸಿದೆವು. ತಿಂಗಳಾಗುವ ಹೊತ್ತಿಗೆ ಕುರಿಗಳು ಚೆನ್ನಾಗಿವೆ, ದೊಡ್ಡ ಟಗರಿಗೆ ಮಾತ್ರ ಮತ್ತೆ ಗದ್ದದ ಕೆಳಗೆ ನೀರು ತುಂಬಿದೆ. ಗಂಡಿಗೆ ಈ ಔಷಧಿ ಹತ್ತುವುದಿಲ್ಲವಾ ಡಾಕ್ಟ್ರೇ?
(ಶಿರಾ ತಾಲ್ಲೂಕಿನ ಕುರಿಗಾರರು)

ಎಲ್ಲ ಬರೆದಿದ್ದೀರಿ, ಎಷ್ಟು ಎಂ.ಎಲ್. ಕುಡಿಸಿದಿರಿ ಅನ್ನುವುದನ್ನು ಮಾತ್ರ ಬರೆದಿಲ್ಲ. ನನ್ನ ಅನುಮಾನ ಇರುವುದು ಅಲ್ಲೇ. ಎಲ್ಲಕ್ಕೂ ಒಂದೇ ಅಳತೆ ಕುಡಿಸಿರುತ್ತೀರಿ, ಅಲ್ವಾ?

ಒಂದು ಲೆಕ್ಕ ಹಾಕೋಣ. ಫೆನ್‌ಬೆಂಡಜೋಲ್ ಅನ್ನೇ ತೆಗೆದುಕೊಳ್ಳಿ. ಕುರಿಗೆ ಒಂದು ಕಿಲೋ ತೂಕಕ್ಕೆ 5 ಮಿಲಿಗ್ರಾಂ. ಬಾಟಲಿಯ ಮೇಲೆ 2.5% ಅಂತ ಇದ್ದರೆ ಒಂದು ಎಂ.ಎಲ್.ನಲ್ಲಿ 25 ಮಿಲಿಗ್ರಾಂ ಇರುತ್ತದೆ. 25 ಕಿಲೋ ಕುರಿಗೆ 5 ಎಂ.ಎಲ್. ಸಾಕು. ನಿಮ್ಮ ಟಗರು 45 ಕಿಲೋ ಇದ್ದರೆ ಅದಕ್ಕೆ 9 ಎಂ.ಎಲ್. ಬೇಕು. ಅದಕ್ಕೂ 5 ಎಂ.ಎಲ್. ಕುಡಿಸಿದರೆ ಬೇಕಾದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕಿತು, ಅಷ್ಟೇ. ಅರೆಬರೆ ಔಷಧಿಗೆ ಮೆತ್ತಗಿನ ಹುಳು ಸಾಯುತ್ತವೆ, ಗಟ್ಟಿ ಹುಳು ಉಳಿಯುತ್ತವೆ. ಆ ಗಟ್ಟಿ ಹುಳು ಹಾಕಿದ ಮೊಟ್ಟೆ ಹಿಕ್ಕೆಯ ಜೊತೆ ಹುಲ್ಲಿಗೆ ಬಿದ್ದು ನಾಳೆ ನಿಮ್ಮ 40 ಕುರಿಗಳ ಹೊಟ್ಟೆಗೂ ಹೋಗುತ್ತದೆ.

ನಿಮ್ಮನ್ನು ಬೈಯುತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಒಂದು ಟಗರಿನ ಬೆನ್ನು ಸವರಿ, "ಇದು ಮೂವತ್ತು ಕಿಲೋ ಬರುತ್ತೆ" ಅಂತ ಗತ್ತಿನಿಂದ ಹೇಳಿ ಔಷಧಿ ಕುಡಿಸಿದ್ದೆ. ಅದರ ಯಜಮಾನ ಏನೂ ಮಾತಾಡದೆ ಒಳಗಿನಿಂದ ಹುಣಸೆಹಣ್ಣು ತೂಗುವ ಕೊಕ್ಕೆ ತಕ್ಕಡಿ ತಂದು, ಗೋಣಿಚೀಲ ಕಟ್ಟಿ, ಟಗರನ್ನು ತೊಲೆಗೆ ನೇತುಹಾಕಿದ. 44 ಕಿಲೋ! ಅವತ್ತಿನಿಂದ ಕಣ್ಣಳತೆ ಬಿಟ್ಟೆ. ಗಂಡು ಹೆಣ್ಣಿನ ವ್ಯತ್ಯಾಸ ಅಂತ ನನ್ನ ಹತ್ತಿರ ಬರುವ ದೂರುಗಳಲ್ಲಿ ಎಷ್ಟೋ ಈ ತಕ್ಕಡಿಯಲ್ಲೇ ಇತ್ಯರ್ಥವಾಗಿವೆ. ಎಲ್ಲವನ್ನೂ ತೂಗಲು ಆಗದಿದ್ದರೆ ಟಗರುಗಳನ್ನು ಒಂದು ಗುಂಪು, ಕುರಿಗಳನ್ನು ಒಂದು ಗುಂಪು, ಮರಿಗಳನ್ನು ಒಂದು ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ ಎಲ್ಲಕ್ಕಿಂತ ದಪ್ಪಗಿರುವುದನ್ನು ತೂಗಿ, ಆ ಗುಂಪಿಗೆಲ್ಲ ಅದೇ ಅಳತೆ ಹಾಕಿ. ಸರಾಸರಿ ತೂಕ ಹಿಡಿಯಬೇಡಿ. ಆದರೆ ಲೆವಮಿಸೋಲ್‌ನಂಥ ಔಷಧಿ ಜಾಸ್ತಿಯಾದರೆ ತೊಂದರೆ ಕೊಡುತ್ತದೆ, ಅಲ್ಲಿ ತೂಗದೆ ಹಾಕಲೇಬೇಡಿ.

ಹಾಗಂತ ಎಲ್ಲವೂ ತೂಕದ್ದೇ ಅಲ್ಲ. ಬೀಜದ ಟಗರಿನ ಮೈಯಲ್ಲಿ ಟೆಸ್ಟೋಸ್ಟೆರಾನ್ ಜಾಸ್ತಿ ಇರುತ್ತದೆ. ಈ ಹಾರ್ಮೋನು ಹುಳುವಿನ ವಿರುದ್ಧ ಹೋರಾಡುವ ಶಕ್ತಿಯನ್ನು ಒಂದಿಷ್ಟು ತಗ್ಗಿಸುತ್ತದೆ. ಕುರಿ, ಮೇಕೆ, ಇಲಿ ಹೀಗೆ ಹಲವು ಪ್ರಾಣಿಗಳಲ್ಲಿ ಗಂಡಿಗೆ ಹುಳುವಿನ ಕಾಟ ಜಾಸ್ತಿ ಕಂಡುಬಂದಿದೆ. ಎಲ್ಲ ಕಡೆಯೂ ಹೀಗೇ ಅಂತಲ್ಲ, ಬೀಜ ಒಡೆಸಿದ ಗಂಡಿನಲ್ಲಿ ಈ ವ್ಯತ್ಯಾಸ ಕಡಿಮೆ. ಅಂದರೆ ಔಷಧಿ ಎರಡರಲ್ಲೂ ಸರಿಯಾಗೇ ಕೆಲಸ ಮಾಡಿದರೂ, ಅದರ ಪ್ರಭಾವ ಇಳಿದ ಮೇಲೆ ಟಗರು ಬೇಗ ಮತ್ತೆ ಹುಳು ತುಂಬಿಕೊಳ್ಳಬಹುದು. ಕುರಿ ಏರುವ ಕಾಲದಲ್ಲಿ ಟಗರು ಮೇವಿನ ಕಡೆ ಗಮನ ಕೊಡುವುದಿಲ್ಲ, ಸೊರಗುತ್ತದೆ. ಅದೂ ಸೇರಿಕೊಳ್ಳುತ್ತದೆ.

ಗದ್ದದ ಕೆಳಗೆ ನೀರು ತುಂಬುವುದಕ್ಕೆ ನಮ್ಮ ಕಡೆ ಹೆಚ್ಚಾಗಿ ಕಾರಣ ರಕ್ತ ಹೀರುವ ಹಿಮಾಂಕಸ್ ಹುಳು. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ಒಂದೊಂದು ಹುಳು ದಿನಕ್ಕೆ ಸುಮಾರು 0.05 ಎಂ.ಎಲ್. ರಕ್ತ ಕುಡಿಯುತ್ತದೆ. ಕಮ್ಮಿ ಅನ್ನಿಸಬಹುದು, ಆದರೆ ಸಾವಿರ ಹುಳು ಇದ್ದರೆ ದಿನಕ್ಕೆ 50 ಎಂ.ಎಲ್. ಹೋಯಿತು. ಈಗಲೇ ಹೋಗಿ ಟಗರಿನ ಕೆಳಗಿನ ಕಣ್ಣುರೆಪ್ಪೆ ಬಿಡಿಸಿ ನೋಡಿ. ಕೆಂಪಗಿದ್ದರೆ ಸ್ವಲ್ಪ ಸಮಾಧಾನ. ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ ಇವತ್ತೇ ಪಶು ಆಸ್ಪತ್ರೆಗೆ ಹೊರಡಿ. ಹೋಗುವಾಗ ಹಿಕ್ಕೆಯನ್ನೂ ತೆಗೆದುಕೊಂಡು ಹೋಗಿ. ಸರಿಯಾದ ಅಳತೆಯ ಔಷಧಿ ಕೊಡಿಸಿ, 10ರಿಂದ 14 ದಿನಕ್ಕೆ ಮತ್ತೆ ಹಿಕ್ಕೆ ಪರೀಕ್ಷೆ ಮಾಡಿಸಿ. ಮೊಟ್ಟೆಯ ಸಂಖ್ಯೆ 95% ಇಳಿದಿರಬೇಕು. ಇಳಿದಿಲ್ಲ ಅಂದರೆ ಆ ಔಷಧಿ ನಿಮ್ಮ ಹಟ್ಟಿಯ ಹುಳುಗಳಿಗೆ ಒಗ್ಗಿಹೋಗಿದೆ ಅಂತ ಅರ್ಥ. ಆಗ ಬಾಟಲಿ ಬದಲಾದರೆ ಸಾಲದು, ಔಷಧಿಯ ಗುಂಪೇ ಬದಲಾಗಬೇಕು. ಅಂಗಡಿಯವರು ಬೇರೆ ಬಣ್ಣದ ಡಬ್ಬಿಯಲ್ಲಿ ಅದೇ ಜಾತಿಯ ಔಷಧಿ ಕೊಡುವುದುಂಟು, ಹೆಸರು ಓದಿ ನೋಡಿ.

ಮೇಡಂ, ನಮ್ಮ ಕುರಿಗಳು ಮರಿ ಹಾಕುವುದಕ್ಕೆ ಎರಡು ತಿಂಗಳ ಮುಂಚೆ ಔಷಧಿ ಕುಡಿಸಿದ್ದೆ. ಆಮೇಲೆ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಈಗ ಮರಿ ಹಾಕಿ ಮೂರು ವಾರ, ಹಿಕ್ಕೆ ತುಂಬಾ ಮೊಟ್ಟೆ ಅನ್ನುತ್ತಿದ್ದಾರೆ. ಅದೇ ಹಿಂಡಿನ ಗಂಡು ಚೆನ್ನಾಗಿವೆ. ಔಷಧಿ ಕಲಬೆರಕೆ ಇತ್ತಾ?
(ಹಿರಿಯೂರಿನಿಂದ ಒಬ್ಬ ಮಹಿಳೆ)

ಕಲಬೆರಕೆಯಲ್ಲ ತಾಯಿ, ಬಾಣಂತನ. ನೋಡಿ, ಮೇಲಿನವರದ್ದು ಟಗರಿನ ದೂರು, ನಿಮ್ಮದು ಕುರಿಯ ದೂರು. ಇಬ್ಬರೂ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದೀರಿ.

ಕುರಿ ಮರಿ ಹಾಕುವುದಕ್ಕೆ ಸುಮಾರು ಎರಡು ವಾರ ಮುಂಚಿನಿಂದ, ಹಾಕಿದ ಮೇಲೆ ಆರೆಂಟು ವಾರದವರೆಗೆ, ಅದರ ಮೈ ಹುಳುಗಳ ಮೇಲಿನ ಹಿಡಿತ ಸಡಿಲಿಸುತ್ತದೆ. ತಿಂದ ಸತ್ವವೆಲ್ಲ ಮೊದಲು ಹೊಟ್ಟೆಯ ಮರಿಗೆ, ಆಮೇಲೆ ಕೆಚ್ಚಲಿಗೆ. ರೋಗ ತಡೆಯುವ ಕೆಲಸಕ್ಕೆ ಉಳಿಯುವುದು ಅಷ್ಟಕ್ಕಷ್ಟೇ. ಹಾಲಿಗೆ ಸಂಬಂಧಪಟ್ಟ ಹಾರ್ಮೋನುಗಳ ಏರಿಳಿತದ ಕೈವಾಡವೂ ಇದೆ ಅನ್ನುತ್ತಾರೆ. ಹೊಟ್ಟೆಯ ಗೋಡೆಯಲ್ಲಿ ಬೆಳೆಯದೆ ಸುಮ್ನೆ ಮಲಗಿದ್ದ ಎಳೆ ಹುಳುಗಳು ಈಗ ಎದ್ದು ಬೆಳೆಯುತ್ತವೆ. ಹುಲ್ಲಿನಿಂದ ಹೊಸದಾಗಿ ಒಳಗೆ ಹೋದವೂ ಸಲೀಸಾಗಿ ನೆಲೆ ನಿಲ್ಲುತ್ತವೆ. ಹೆಣ್ಣು ಹಿಮಾಂಕಸ್ ಒಂದೇ ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಹೀಗಿರುವಾಗ ಹಿಕ್ಕೆ ತುಂಬಾ ಮೊಟ್ಟೆ ಕಾಣದೆ ಇನ್ನೇನು? ಹುಳುವಿನ ದೃಷ್ಟಿಯಿಂದ ನೋಡಿದರೆ ಇದು ಭಾರೀ ಜಾಣತನ. ಹೊಸ ಮರಿಗಳು ಮೊದಲ ಸಲ ಹುಲ್ಲಿಗೆ ಬಾಯಿ ಹಾಕುವ ಹೊತ್ತಿಗೆ ಸರಿಯಾಗಿ ಹುಲ್ಲಿನ ಮೇಲೆ ಹುಳು ಸಿದ್ಧ.

ಅವಳಿ ಹಾಕಿದ ಕುರಿಯಲ್ಲಿ ಇದು ಇನ್ನೂ ಜಾಸ್ತಿ. ಹಾಗಾಗಿ ಎರಡು ತಿಂಗಳ ಮುಂಚೆ ಕುಡಿಸಿದ್ದು ವ್ಯರ್ಥವಲ್ಲ, ಆದರೆ ಈ ಏರಿಕೆಯನ್ನು ಅದು ತಡೆಯಲಾರದು. ಮರಿ ಹಾಕುವ ಆಸುಪಾಸಿನಲ್ಲಿ ಹಿಕ್ಕೆ ಪರೀಕ್ಷೆ ಮಾಡಿಸಿ, ಬೇಕಾದವಕ್ಕೆ ಆಗ ಕೊಡಿ. ಎಲ್ಲಕ್ಕೂ ಕಣ್ಣುಮುಚ್ಚಿ ಕುಡಿಸಬೇಡಿ. ಗಟ್ಟಿಮುಟ್ಟಾಗಿರುವ ನಾಲ್ಕಾರು ಕುರಿಗಳನ್ನು ಬಿಟ್ಟರೆ ಔಷಧಿಗೆ ಇನ್ನೂ ಒಗ್ಗದ ಹುಳುಗಳ ಸಂತಾನವೂ ಹುಲ್ಲಿನಲ್ಲಿ ಉಳಿದಿರುತ್ತದೆ. ಅದು ನಿಮಗೇ ಒಳ್ಳೆಯದು. ಮೇವಿನ ಮಾತು ಔಷಧಿಯಷ್ಟೇ ದೊಡ್ಡದು. ಕೊನೆಯ ಒಂದೂವರೆ ತಿಂಗಳು ಮತ್ತು ಹಾಲೂಡಿಸುವಾಗ ಹುರುಳಿ ನುಚ್ಚು, ಕಡಲೆಕಾಯಿ ಹಿಂಡಿ, ಅಗಸೆ ಸೊಪ್ಪು ಹೀಗೆ ಪ್ರೋಟೀನ್ ಇರುವುದನ್ನು ಜಾಸ್ತಿ ಕೊಟ್ಟರೆ ಹಿಕ್ಕೆಯ ಮೊಟ್ಟೆ ಕಡಿಮೆಯಾಗುತ್ತದೆ ಅನ್ನುವುದು ಪರೀಕ್ಷೆಗಳಲ್ಲಿ ಕಂಡ ಮಾತು.

ಇನ್ನೊಂದು ಎಚ್ಚರಿಕೆ. ಇದು ಹೆಣ್ಣಿಗೆ ಮಾತ್ರ. ಅಲ್ಬೆಂಡಜೋಲ್ ಅನ್ನು ಗಬ್ಬ ನಿಂತ ಮೊದಲ ತಿಂಗಳಲ್ಲಿ ಕುರಿಗೆ ಕುಡಿಸಬಾರದು. ಹಸುವಿನಲ್ಲಿ ಮೊದಲ 45 ದಿನ. ಹೊಟ್ಟೆಯ ಮರಿಗೆ ಅಂಗ ಊನವಾಗಬಹುದು. ಟಗರನ್ನು ಹಿಂಡಿಗೆ ಬಿಟ್ಟ ಮೇಲೆ ಯಾವುದು ಗಬ್ಬ, ಯಾವುದು ಅಲ್ಲ ಅಂತ ಗೊತ್ತಾಗುವುದಿಲ್ಲವಲ್ಲ, ಆದ್ದರಿಂದ ಟಗರನ್ನು ಹೊರಗೆ ತೆಗೆದು ಒಂದು ತಿಂಗಳಾಗುವವರೆಗೂ ಆ ಬಾಟಲಿ ಮುಟ್ಟಬೇಡಿ. ಫೆನ್‌ಬೆಂಡಜೋಲ್‌ಗೆ ಈ ಭಯ ಇಲ್ಲ.

ಹಾರ್ಮೋನು, ತೂಕ, ಬಾಣಂತನ ಎಲ್ಲ ಸರಿ. ಅವನ್ನೆಲ್ಲ ಬದಿಗಿಟ್ಟರೆ ಔಷಧಿಯನ್ನು ಕರಗಿಸುವ ರೀತಿಯಲ್ಲೇ ಗಂಡು ಹೆಣ್ಣಿಗೆ ವ್ಯತ್ಯಾಸ ಇದೆಯಾ?
(ಪಶುವೈದ್ಯಕೀಯ ಓದುತ್ತಿರುವ ವಿದ್ಯಾರ್ಥಿನಿ, ಬೀದರ್)

ಹಾರ್ಮೋನನ್ನು ಬದಿಗಿಡಲು ಆಗುವುದಿಲ್ಲ ಮಗಳೇ, ಔಷಧಿ ಕರಗಿಸುವುದರ ಹಿಂದೆಯೂ ಅದೇ ಕೂತಿದೆ. ಆದರೆ ಪ್ರಶ್ನೆ ಬಹಳ ಚೆನ್ನಾಗಿದೆ.

ಇದರ ಹಳೆಯ ಸುಳಿವು ಸಿಕ್ಕಿದ್ದು 1930ರ ದಶಕದಲ್ಲಿ, ಇಲಿಗಳಲ್ಲಿ. ನಿದ್ದೆ ಬರಿಸುವ ಬಾರ್ಬಿಟುರೇಟ್ ಔಷಧಿ ಕೊಟ್ಟಾಗ ಹೆಣ್ಣು ಇಲಿಗೆ ಗಂಡಿಗೆ ಬೇಕಾದ್ದರ ಅರ್ಧದಷ್ಟೇ ಸಾಕಾಗುತ್ತಿತ್ತು. ಗಂಡು ಇಲಿಯ ಯಕೃತ್ತಿನಲ್ಲಿ ಔಷಧಿ ಒಡೆಯುವ ಕೆಲವು ಕಿಣ್ವಗಳು ಹೆಣ್ಣಿನಲ್ಲಿ ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ಆಮೇಲೆ ತಿಳಿಯಿತು. ಕಾರಣ ಮಜವಾಗಿದೆ. ಬೆಳವಣಿಗೆಯ ಹಾರ್ಮೋನು ಗಂಡು ಇಲಿಯಲ್ಲಿ ಮೂರು ಮೂರೂವರೆ ಗಂಟೆಗೊಮ್ಮೆ ಅಲೆಯ ಹಾಗೆ ಎದ್ದು ಇಳಿಯುತ್ತದೆ, ಹೆಣ್ಣಿನಲ್ಲಿ ಸಣ್ಣಗೆ ಸದಾ ಹರಿಯುತ್ತಿರುತ್ತದೆ. ಯಾವ ಕಿಣ್ವ ಎಷ್ಟು ಮಾಡಬೇಕು ಅನ್ನುವುದನ್ನು ಯಕೃತ್ತು ಈ ತಾಳ ನೋಡಿ ನಿರ್ಧರಿಸುತ್ತದೆ.

ಸರಿ, ಹಾಗಾದರೆ ಗಂಡು ಬೇಗ ಔಷಧಿ ಕರಗಿಸುತ್ತದೆ ಅಂತ ಬರೆದುಕೊಳ್ಳಬಹುದಾ? ಬೇಡ. ಪೆನ್ನು ಕೆಳಗಿಡಿ. ಆಡಿನ ಕಥೆ ಉಲ್ಟಾ. ನೆದರ್ಲ್ಯಾಂಡ್ಸ್‌ನಲ್ಲಿ ಕುಳ್ಳ ತಳಿಯ ಆಡುಗಳಿಗೆ ಸಲ್ಫಾಡಿಮಿಡಿನ್ ಕೊಟ್ಟು ನೋಡಿದರು. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಪರಾವಲಂಬಿಗೆ ಕೊಡುತ್ತೇವಲ್ಲ, ಅದೇ ಔಷಧಿ. ಅಲ್ಲಿ ಹೆಣ್ಣು ಆಡಿನ ಮೈಯಿಂದ ಅದು ಬೇಗ ಖಾಲಿಯಾಯಿತು, ಹೋತದಲ್ಲಿ ನಿಧಾನವಾಗಿ. ಟೆಸ್ಟೋಸ್ಟೆರಾನ್ ಕೊಟ್ಟಾಗ ಆ ವೇಗ ಕುಗ್ಗಿತು. ಇಲಿಯಲ್ಲಿ ಗಂಡು ವೇಗ, ಆಡಿನಲ್ಲಿ ಹೆಣ್ಣು ವೇಗ. ಇಲಿಯ ಮೇಲೆ ಮಾಡಿದ ಪ್ರಯೋಗ ಓದಿ ಹೋತಕ್ಕೆ ಲೆಕ್ಕ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಅದೂ ಹಳೆಯ ಪ್ರಯೋಗಗಳಲ್ಲಿ ಬಹುಪಾಲು ಬರೀ ಗಂಡು ಇಲಿಗಳು. ಹೆಣ್ಣಿನ ಬೆದೆಯ ಚಕ್ರ ಲೆಕ್ಕ ಕೆಡಿಸುತ್ತದೆ ಅಂತ ಅವನ್ನು ದೂರ ಇಡುತ್ತಿದ್ದರು.

ಇನ್ನು ಜಂತಿಗೂ ಉಣ್ಣೆಗೂ ಕೊಡುವ ಐವರ್ಮೆಕ್ಟಿನ್ ಗುಂಪು. ಇವು ಕೊಬ್ಬಿನಲ್ಲಿ ಕರಗುವ ಔಷಧಿಗಳು. ಮೈಯ ಕೊಬ್ಬು ಇವುಗಳಿಗೆ ಕಣಜ ಇದ್ದ ಹಾಗೆ, ಅಲ್ಲಿ ಕೂತು ನಿಧಾನವಾಗಿ ರಕ್ತಕ್ಕೆ ಇಳಿಯುತ್ತವೆ. ಬಡಕಲು ಪ್ರಾಣಿಯಲ್ಲಿ ಬೇಗ ಮುಗಿಯುತ್ತದೆ. ಹಾಲು ಕರೆಯುವ ಹೆಣ್ಣಿನಲ್ಲಿ ಇನ್ನೊಂದು ದಾರಿ ತೆರೆದಿರುತ್ತದೆ. ಹಾಲಿನ ಕೊಬ್ಬಿನ ಜೊತೆ ಔಷಧಿ ಹೊರಗೆ ಹರಿದುಹೋಗುತ್ತದೆ. ಇದೇ ಗುಂಪಿನ ಮಾಕ್ಸಿಡೆಕ್ಟಿನ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹಾಗಾಗಿ ನೀನು ಮುಂದೆ ಪ್ರಯೋಗ ಮಾಡಿದರೆ ಅದರ ಪಟ್ಟಿಯಲ್ಲಿ ಬರೀ ಗಂಡು, ಹೆಣ್ಣು ಅಂತ ಎರಡು ಸಾಲು ಸಾಲದು. ಬೀಜ ಇದೆಯೋ ಒಡೆಸಿದೆಯೋ, ಗಬ್ಬವೋ, ಹಾಲೋ, ಬತ್ತಿದೆಯೋ, ಮೈ ತುಂಬಿದೆಯೋ ಅನ್ನುವುದನ್ನೂ ಬರೆದುಕೋ.

ಇಷ್ಟೆಲ್ಲ ಇದ್ದರೂ, ನಾನು ನೋಡಿದ ಯಾವ ಜಂತಿನ ಔಷಧಿಯ ಚೀಟಿಯಲ್ಲೂ ಟಗರಿಗೆ ಕಿಲೋಗೆ ಇಷ್ಟು, ಕುರಿಗೆ ಕಿಲೋಗೆ ಇಷ್ಟು ಅಂತ ಬೇರೆ ಬೇರೆ ಬರೆದಿಲ್ಲ. ಜಾತಿ ಬದಲಾದರೆ ಮಾತ್ರ ಅಳತೆ ಬದಲಾಗುತ್ತದೆ. ಮೇಕೆ ಬೆಂಡಜೋಲ್ ಗುಂಪಿನ ಔಷಧಿಯನ್ನು ಕುರಿಗಿಂತ ಬೇಗ ಕರಗಿಸುವುದರಿಂದ ಅದಕ್ಕೆ ಕುರಿಯ ಎರಡರಷ್ಟು ಬೇಕಾಗುತ್ತದೆ. ಗಂಡು ಹೆಣ್ಣಿನ ಜಗಳಕ್ಕಿಂತ ಕುರಿ ಮೇಕೆಯ ಜಗಳ ದೊಡ್ಡದು!

ನಮ್ಮ ಮನೆಯಲ್ಲಿ ಅಣ್ಣ ತಂಗಿ ಎರಡು ನಾಯಿ. ಎರಡಕ್ಕೂ ಮೂರು ತಿಂಗಳಿಗೊಮ್ಮೆ ತಪ್ಪದೆ ಜಂತಿನ ಮಾತ್ರೆ ಕೊಡುತ್ತೇವೆ. ಆದರೂ ಹೆಣ್ಣು ಹಾಕಿದ ಆರು ಮರಿಗಳಲ್ಲೂ ಹುಳು. ಮಾತ್ರೆ ಅವಳಿಗೆ ಕೆಲಸ ಮಾಡಲಿಲ್ಲವೇ?
(ಬೆಂಗಳೂರು)

ಮಾತ್ರೆ ಕರುಳಿನಲ್ಲಿರುವ ಹುಳುವನ್ನು ಕೊಂದಿದೆ. ಆದರೆ ಟಾಕ್ಸೊಕಾರಾ ಅನ್ನುವ ಈ ಹುಳುವಿನ ಮರಿಗಳು ಮಾಂಸಖಂಡದಲ್ಲಿ ಮಲಗಿರುತ್ತವೆ. ಮಾಮೂಲಿ ಮಾತ್ರೆ ಅವನ್ನು ಮುಟ್ಟುವುದಿಲ್ಲ. ಅಣ್ಣನ ಮೈಯಲ್ಲೂ ಇರುತ್ತವೆ, ಅಲ್ಲಿ ಅವಕ್ಕೆ ಮುಂದೆ ದಾರಿಯಿಲ್ಲ. ತಂಗಿಯ ಮೈಯಲ್ಲಿ ಗಬ್ಬದ 42ನೇ ದಿನದ ಹೊತ್ತಿಗೆ ಎಚ್ಚರಗೊಂಡು, ಮಾಸಿನ ಮೂಲಕ ಹೊಟ್ಟೆಯ ಮರಿಗಳೊಳಗೆ ಹೋಗುತ್ತವೆ. ಒಂದಷ್ಟು ಹಾಲಿನಲ್ಲೂ ಹೋಗುತ್ತವೆ. ಒಂದೇ ಸೂಲಿನ ಅಣ್ಣ ತಂಗಿ, ಒಂದೇ ಮಾತ್ರೆ, ಒಂದೇ ಹುಳು. ಆದರೂ ಫಲ ಬೇರೆ.

ಮರಿಗಳಿಗೆ ಎರಡು ವಾರ ತುಂಬಿದ ಕೂಡಲೇ ಔಷಧಿ ಶುರು ಮಾಡಬೇಕು. ಆಮೇಲೆ ಎರಡೆರಡು ವಾರಕ್ಕೊಮ್ಮೆ, ಎಂಟು ವಾರದವರೆಗೆ. ಜೊತೆಗೆ ತಾಯಿಗೂ, ಏಕೆಂದರೆ ಮರಿಗಳನ್ನು ನೆಕ್ಕಿ ನೆಕ್ಕಿ ಅವಳಿಗೆ ಮತ್ತೆ ಹತ್ತಿರುತ್ತದೆ. ಮುಂದಿನ ಸಲ ಗಬ್ಬ ನಿಂತರೆ 40ನೇ ದಿನದಿಂದ ದಿನವೂ ಫೆನ್‌ಬೆಂಡಜೋಲ್ ಕೊಡುವ ಕ್ರಮ ಇದೆ. ಅಳತೆಯನ್ನು ನಿಮ್ಮ ಡಾಕ್ಟರ್ ಹತ್ತಿರವೇ ಕೇಳಿ. ಈ ಮೊಟ್ಟೆ ಮಕ್ಕಳ ಬಾಯಿಗೆ ಹೋದರೆ ಕಣ್ಣಿಗೂ ತೊಂದರೆಯಾಗಬಹುದು, ಮರಿಗಳ ಕಕ್ಕವನ್ನು ಅಂದಂದೇ ಎತ್ತಿ ಹಾಕಿ.

ಇದೇ ಓದುಗರು ಕೊನೆಯಲ್ಲಿ, ಪಕ್ಕದ ಮನೆಯ ಕಾಲಿ ತಳಿಯ ಗಂಡು ನಾಯಿಗೆ ಐವರ್ಮೆಕ್ಟಿನ್ ಆಗಿಬರುವುದಿಲ್ಲವಂತೆ, ಗಂಡು ಅಂತಲಾ ಅಂತ ಕೇಳಿದ್ದಾರೆ. ಅಲ್ಲ. ಕಾಲಿ ತಳಿಯ ಬಹಳ ನಾಯಿಗಳಲ್ಲಿ ಎಂಡಿಆರ್1 ಅನ್ನುವ ಜೀನ್ ಕೆಟ್ಟಿರುತ್ತದೆ. ಔಷಧಿಯನ್ನು ಮಿದುಳಿನಿಂದ ಹೊರಗೆ ತಳ್ಳುವ ಕಾವಲುಗಾರ ಅಲ್ಲಿ ಇರುವುದಿಲ್ಲ. ಗಂಡಾದರೂ ಒಂದೇ, ಹೆಣ್ಣಾದರೂ ಒಂದೇ.

ಹಸುವಿಗೆ ಉಣ್ಣೆಗೆ ಅಂತ ಐವರ್ಮೆಕ್ಟಿನ್ ಇಂಜೆಕ್ಷನ್ ಹಾಕಿಸಿದರೆ ಹಾಲು ಡೇರಿಗೆ ಹಾಕಬಹುದಾ? ಹೋರಿಗೆ ಹಾಕಿಸಿದಾಗ ಯಾರೂ ಏನೂ ಹೇಳಲಿಲ್ಲ.
(ಮಂಡ್ಯ)

ಹೋರಿ ಹಾಲು ಕೊಡುವುದಿಲ್ಲವಲ್ಲ ಸ್ವಾಮಿ, ಅದಕ್ಕೇ ಹೇಳಲಿಲ್ಲ. ಜನ ಕುಡಿಯುವ ಹಾಲು ಕರೆಯುವ ಹಸುವಿಗೆ ಐವರ್ಮೆಕ್ಟಿನ್ ಹಾಕಿಸಬಾರದು, ವಾರಗಟ್ಟಲೆ ಹಾಲಿನಲ್ಲಿ ಬರುತ್ತದೆ. ಅದೇ ಗುಂಪಿನ ಎಪ್ರಿನೊಮೆಕ್ಟಿನ್ ಹಾಲಿಗೆ ತೀರಾ ಕಡಿಮೆ ಇಳಿಯುತ್ತದೆ, ಕರೆಯುವ ಹಸುವಿಗೆ ಅಂತಲೇ ಬಂದ ಔಷಧಿ ಅದು. ಸಿಗುತ್ತದಾ ಅಂತ ನಿಮ್ಮ ಡಾಕ್ಟರನ್ನು ವಿಚಾರಿಸಿ.

ಹುಳುಗಳಲ್ಲೂ ಗಂಡು ಹೆಣ್ಣು ಇರುತ್ತವಲ್ಲ? ಔಷಧಿ ಎರಡನ್ನೂ ಒಂದೇ ಥರ ಕೊಲ್ಲುತ್ತದಾ?
(9ನೇ ತರಗತಿ ವಿದ್ಯಾರ್ಥಿ, ಶಿರಸಿ)

ಈ ಸಲದ ಬಹುಮಾನ ನಿನಗೇ. ಯಾವಾಗಲೂ ಒಂದೇ ಥರ ಅಲ್ಲ ಪುಟ್ಟ. ಆಫ್ರಿಕಾದ ನದಿ ದಂಡೆಗಳಲ್ಲಿ ಜನರ ಕಣ್ಣು ಕಳೆಯುವ ಒಂದು ಹುಳು ಇದೆ, ಆಂಕೊಸರ್ಕಾ ಅಂತ. 1987ರಿಂದ ಅಲ್ಲಿನವರಿಗೆ ಐವರ್ಮೆಕ್ಟಿನ್ ಮಾತ್ರೆ ಉಚಿತವಾಗಿ ಸಿಗುತ್ತಿದೆ. ಆ ಮಾತ್ರೆ ಚರ್ಮದಲ್ಲಿ ಓಡಾಡುವ ಎಳೆ ಹುಳುಗಳನ್ನು ಕೊಲ್ಲುತ್ತದೆ. ದೊಡ್ಡ ಹೆಣ್ಣು ಹುಳು ಸಾಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಮರಿ ಹೊರಗೆ ಬಿಡಲಾಗದೆ ಕೂತುಬಿಡುತ್ತದೆ. ಕೊಲ್ಲದೆಯೇ ಕೆಲಸ ಕೆಡಿಸಿದ ಹಾಗೆ. ಈ ಔಷಧಿಯ ಮೂಲ ಜಪಾನಿನ ಮಣ್ಣಿನ ಒಂದು ಸೂಕ್ಷ್ಮಾಣು, ಕಂಡುಹಿಡಿದ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಇದನ್ನು ನಿಮ್ಮ ಮೇಷ್ಟ್ರಿಗೂ ಹೇಳು.

ನಮ್ಮ ಎಮ್ಮೆಗಳು ಹಾಕುವ ಗಂಡು ಕರು ಹುಳುವಿನಿಂದ ಸಾಯ್ತಾವ್ರೀ, ಹೆಣ್ಣು ಕರು ಉಳೀತಾವು. ಔಷಧಿ ಎರಡಕ್ಕೂ ಹಾಕ್ತೀವಿ. ಗಂಡಿಗೆ ತಾಕತ್ತು ಕಡಿಮೆ ಏನ್ರೀ?
(ಧಾರವಾಡ ಜಿಲ್ಲೆ)

ಎಮ್ಮೆ ಕರುವಿನ ಆ ದಪ್ಪ ಬಿಳಿ ಹುಳು ತಾಯಿಯ ಹಾಲಿನಲ್ಲೇ ಬರುತ್ತದೆ. ಹುಟ್ಟಿದ ಮೊದಲ ದಿನಗಳ ಹಾಲಿನಲ್ಲೇ ಎಳೆ ಹುಳು ಕರುವಿನ ಹೊಟ್ಟೆ ಸೇರುತ್ತವೆ, ಮೂರು ವಾರಕ್ಕೆಲ್ಲ ದೊಡ್ಡವಾಗುತ್ತವೆ. ಮಣ್ಣಿನ ಬಣ್ಣದ ಗಬ್ಬುನಾತದ ಭೇದಿ, ಡೊಳ್ಳು ಹೊಟ್ಟೆ, ಉಸಿರಿನಲ್ಲಿ ಕೊಳೆತ ಬೆಣ್ಣೆಯಂಥ ವಾಸನೆ. ಹಾಲು ಕುಡಿದ ಕರು ಯಾವುದೇ ಇರಲಿ, ಬರುವುದು ಬಂದೇ ಬರುತ್ತದೆ.

ಈಗ ನಾನು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗಂಡು ಕರುವಿಗೆ ಎಷ್ಟು ಮೊಲೆ ಹಾಲು ಬಿಡುತ್ತೀರಿ? ಔಷಧಿ ಎಷ್ಟನೇ ದಿನ ಹಾಕುತ್ತೀರಿ? ನಾನು ಕಂಡ ಕೊಟ್ಟಿಗೆಗಳಲ್ಲಿ ಹೆಣ್ಣು ಕರುವಿಗೆ ಒಂದು ಮೊಲೆ ಪೂರ್ತಿ, ಕೋಣಗರುವಿಗೆ ಎಮ್ಮೆ ಸೊರೆಬಿಡುವಷ್ಟು ಹೊತ್ತು ಮಾತ್ರ. ಹೆಣ್ಣಿಗೆ ಎರಡನೇ ವಾರದಲ್ಲಿ ಔಷಧಿ, ಗಂಡಿಗೆ ಭೇದಿ ಶುರುವಾಗಿ ಕಣ್ಣು ಗುಳಿಬಿದ್ದ ಮೇಲೆ. ಹೊಟ್ಟೆಗಿಲ್ಲದ ಮೈಯಲ್ಲಿ ಯಾವ ಔಷಧಿ ತಾನೇ ಏನು ಮಾಡೀತು? ಆ ಹೊತ್ತಿಗೆ ದೊಡ್ಡ ಹುಳುಗಳು ಒಂದೇ ಸಲ ಸತ್ತು ಗಂಟು ಕಟ್ಟಿ ಕರುಳು ಕಟ್ಟಿಹೋಗುವ ಅಪಾಯವೂ ಇದೆ.

ಮುಂದಿನ ಕರು ಹುಟ್ಟಿದ ತಾರೀಕನ್ನು ಕೊಟ್ಟಿಗೆ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಡಿ, ಗಂಡಾದರೂ ಸರಿ. 10ರಿಂದ 16ನೇ ದಿನದೊಳಗೆ ಪೈರಾಂಟೆಲ್ ಕೊಡಿಸಿ, ಹುಳು ಇನ್ನೂ ಎಳೆಯದಿರುವಾಗಲೇ ಹೊರಗೆ ಬೀಳುತ್ತವೆ. ಒಂದು ಮೊಲೆ ಹಾಲು ಅದಕ್ಕೂ ಬಿಡಿ. ಆಮೇಲೂ ಗಂಡೇ ಸಾಯುತ್ತಿದ್ದರೆ ಇನ್ನೊಂದು ಪತ್ರ ಬರೆಯಿರಿ.